ಗಾಳಿ ಒಪ್ಪಿದರೆ ಪೀಲಿ ದ್ವೀಪ

ಫೆಬ್ರವರಿಯಲ್ಲಿ ಡಿಯರ್‌ಬಾರ್ನ್‌ನ ರೂಜ್ ನದಿಯ ಅಂಚುಗಳು ಹೆಪ್ಪುಗಟ್ಟಿರುತ್ತವೆ. ಕಯಾಕ್‌ಗಳು ಗ್ಯಾರೇಜಿನಲ್ಲಿ ತೂಗುತ್ತಿರುತ್ತವೆ. ಜುಲೈ ತಿಂಗಳ ಪ್ರಯಾಣದ ಮುಕ್ಕಾಲು ಪಾಲು ಕೆಲಸ ನಡೆಯುವುದು ಈಗಲೇ, ಊಟದ ಮೇಜಿನ ಮೇಲೆ. ಮೇಜಿನ ತುಂಬ ಹರಡಿರುವುದು ಈರಿ ಸರೋವರದ ಪಶ್ಚಿಮ ತುದಿಯ ನಕ್ಷೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ 14830 ಎಂಬ ಸಂಖ್ಯೆ ಕೊಟ್ಟು ಅಚ್ಚು ಹಾಕುತ್ತಿದ್ದ ಹಾಳೆ. ಆ ಸಂಸ್ಥೆ ಕಾಗದದ ನಕ್ಷೆಗಳನ್ನು ಈಗ ನಿಲ್ಲಿಸಿದೆ, ಎಲ್ಲವೂ ಪರದೆಯ ಮೇಲೆ ಸಿಗುತ್ತದೆ. ಆದರೂ ನಾಲ್ಕು ಜನ ಸುತ್ತ ನಿಂತು ಬೆರಳಿಟ್ಟು ವಾದಿಸಬೇಕಾದರೆ ಹಳೆಯ ಹಾಳೆಯೇ ಬೇಕು.

ದಾರಿ ಹೀಗೆ. ಡಿಯರ್‌ಬಾರ್ನ್‌ನಿಂದ ಕಾರಿನಲ್ಲಿ ಟೊಲಿಡೊ ದಾಟಿ ಸುಮಾರು ಎರಡು ಗಂಟೆ ಹೋದರೆ ಓಹಾಯೊ ರಾಜ್ಯದ ಕಟಾಬಾ ಭೂಶಿರ. ಅಲ್ಲಿ ಕಯಾಕ್ ನೀರಿಗಿಳಿಸಿ ಸೌತ್ ಬ್ಯಾಸ್, ಮಿಡ್ಲ್ ಬ್ಯಾಸ್, ನಾರ್ತ್ ಬ್ಯಾಸ್ ಎಂಬ ಮೂರು ದ್ವೀಪಗಳ ಮಗ್ಗುಲಲ್ಲೇ ಉತ್ತರಕ್ಕೆ ಸಾಗುವುದು. ನಾರ್ತ್ ಬ್ಯಾಸ್‌ನಿಂದ ಹತ್ತು ಕಿಲೋಮೀಟರ್ ಆಸುಪಾಸಿನ ತೆರೆದ ನೀರು ದಾಟಿದರೆ ಕೆನಡಾದ ಪೀಲಿ ದ್ವೀಪ. ಪೀಲಿಯ ಉತ್ತರ ತುದಿಯಿಂದ ಮತ್ತೆ ಹದಿಮೂರು, ಹದಿನಾಲ್ಕು ಕಿಲೋಮೀಟರ್ ದಾಟಿದರೆ ಪಾಯಿಂಟ್ ಪೀಲಿ ಎಂಬ ಚೂಪು ಮರಳು ನಾಲಗೆ. ಅದರ ಪಶ್ಚಿಮ ದಂಡೆ ಹಿಡಿದು ಲೆಮಿಂಗ್ಟನ್ ಬಂದರು. ಒಟ್ಟು ಅರವತ್ತು ಕಿಲೋಮೀಟರ್ ಇರಬಹುದು. ಸಾಮಾನು ತುಂಬಿದ ಕಡಲ ಕಯಾಕ್ ಗಂಟೆಗೆ ಐದೂವರೆ ಕಿಲೋಮೀಟರ್, ಅಂದರೆ ಮೂರು ನಾಟ್ ಹೋಗುತ್ತದೆ. ಭಾಗಿಸಿ ನೋಡಿದರೆ ಹನ್ನೊಂದು ಗಂಟೆ ಹುಟ್ಟು ಹಾಕುವ ಕೆಲಸ. ಎರಡು ದಿನ ಧಾರಾಳ ಸಾಕು. ನಾವು ಎತ್ತಿಟ್ಟಿರುವುದು ಏಳು ದಿನ. ಮಿಕ್ಕ ಐದು ದಿನ ಗಾಳಿಗೆ.

ನಾನು ಹುಟ್ಟಿದ್ದು ಗಂಗೊಳ್ಳಿಯಲ್ಲಿ. ಐದು ನದಿಗಳು ಕೂಡಿ ಕಡಲು ಸೇರುವ ಆ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿಗಳನ್ನು ಕೇಳುತ್ತಲೇ ಬೆಳೆದವರು ನಾವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಸರ್ಕಾರದ ನಿಷೇಧವಿದೆ. ಆದರೆ ಕಾನೂನು ಬರುವ ಮುಂಚಿನಿಂದಲೂ ಮಳೆಗಾಲದ ಕಡಲಿಗೆ ನಮ್ಮವರು ತಾವಾಗಿಯೇ ದಾರಿ ಬಿಟ್ಟುಕೊಡುತ್ತಿದ್ದರು. ಈ ಪ್ರಯಾಣದ ವಿಷಯ ಫೋನಿನಲ್ಲಿ ಹೇಳಿದಾಗ ಊರಿನಲ್ಲಿರುವ ದೊಡ್ಡಪ್ಪಯ್ಯ ದೂರ ಎಷ್ಟು ಎಂದು ಕೇಳಲೇ ಇಲ್ಲ. "ಗಾಳಿ ಕಾಣ್ದೆ ದೋಣಿ ಇಳ್ಸುಕಾಗ ಮಗಾ" ಎಂದಷ್ಟೇ ಹೇಳಿದರು. ನಕ್ಷೆಯ ಸುತ್ತ ನಾವು ನಡೆಸುವ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದೂ ಅಲ್ಲಿಗೇ.

ಆಳವಿಲ್ಲದ ನೀರು

ಈರಿಯ ಉದ್ದ 388 ಕಿಲೋಮೀಟರ್, ಅತಿ ಅಗಲವಾದ ಕಡೆ 92 ಕಿಲೋಮೀಟರ್. ದಡದಲ್ಲಿ ನಿಂತರೆ ಆಚೆ ದಡ ಕಾಣದು. ಉಪ್ಪಿಲ್ಲ ಎಂಬುದನ್ನು ಬಿಟ್ಟರೆ ಕಣ್ಣಿಗೆ ಕಡಲೇ. ಆದರೆ ಉಬ್ಬರ ಇಳಿತವಿಲ್ಲ. ಚಂದ್ರನ ಸೆಳೆತಕ್ಕೆ ಈ ಮಹಾಸರೋವರಗಳ ನೀರು ಏರುವುದು ಐದು ಸೆಂಟಿಮೀಟರ್ ಕೂಡ ಇಲ್ಲ. ಗಂಗೊಳ್ಳಿಯಲ್ಲಿ ಹಿರಿಯರು ತಿಥಿ ನೋಡಿ ನೀರು ಹತ್ತುವ ಹೊತ್ತು ಹೇಳುತ್ತಾರೆ. ಇಲ್ಲಿ ಆ ಅನುಕೂಲವಿಲ್ಲ. ನೀರನ್ನು ಏರಿಸಿ ಇಳಿಸುವುದು ಗಾಳಿ, ಗಾಳಿಗೆ ಪಂಚಾಂಗವಿಲ್ಲ.

ಐದು ಮಹಾಸರೋವರಗಳಲ್ಲಿ ಆಳ ಕಡಿಮೆ ಇರುವುದು ಈರಿಗೇ. ಸುಪೀರಿಯರ್ ಸರೋವರದ ಸರಾಸರಿ ಆಳ 147 ಮೀಟರ್ ಇದ್ದರೆ ಈರಿಯದು 19 ಮೀಟರ್. ನಮ್ಮ ದ್ವೀಪಗಳಿರುವ ಪಶ್ಚಿಮ ಭಾಗದಲ್ಲಂತೂ ಏಳೂವರೆ ಮೀಟರ್ ಕೂಡ ಇಲ್ಲ. ಆಳ ಕಡಿಮೆ ಎಂದರೆ ಅಪಾಯ ಕಡಿಮೆ ಎಂದು ಹೊಸಬರು ತಿಳಿಯುತ್ತಾರೆ. ನಿಜ ತಿರುವುಮುರುವು. ಅರಬ್ಬಿ ಸಮುದ್ರದ ದೊಡ್ಡ ತೆರೆ ಎಲ್ಲೋ ದೂರದಲ್ಲಿ ಹುಟ್ಟಿ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ನಿಧಾನವಾಗಿ ದೋಣಿಯನ್ನು ಎತ್ತಿ ಇಳಿಸುತ್ತದೆ. ಈರಿಯಲ್ಲಿ ಗಾಳಿ ಎದ್ದ ಗಂಟೆಯೊಳಗೆ ಅಲೆ ಎದ್ದಿರುತ್ತದೆ, ಮೂರು ನಾಲ್ಕು ಸೆಕೆಂಡಿಗೊಂದು, ಗೋಡೆಯಷ್ಟು ಕಡಿದಾಗಿ. ಒಂದು ಅಲೆಯಿಂದ ಮೂತಿ ಮೇಲೇಳುವ ಮೊದಲೇ ಇನ್ನೊಂದು ಬಂದು ಮುಖಕ್ಕೆ ಹೊಡೆಯುತ್ತದೆ. ಮೊಳಕಾಲೆತ್ತರದ ಅಲೆಗಳೇ ಸಾಕು, ಹೊಸಬರು ಸುಸ್ತಾಗಲು.

ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ. ಇಲ್ಲಿನ ಜೋರು ಗಾಳಿಯೂ ಹೆಚ್ಚಾಗಿ ನೈಋತ್ಯದಿಂದಲೇ. ಅದು ಗಟ್ಟಿಯಾಗಿ ಬೀಸಿದ ದಿನ ನೀರೆಲ್ಲ ಬಫಲೊ ಕಡೆಗೆ ಸರಿದು ಟೊಲಿಡೊ ಕಡೆಯ ದಡದಲ್ಲಿ ಕೆಸರು ಬಯಲಾಗುತ್ತದೆ. ಗಾಳಿ ನಿಂತೊಡನೆ ಹೋದ ನೀರು ಮರಳಿ ಬರುತ್ತದೆ, ತಟ್ಟೆಯೊಳಗಿನ ನೀರಿನ ಹಾಗೆ ಗಂಟೆಗಟ್ಟಲೆ ಆ ತುದಿಗೂ ಈ ತುದಿಗೂ ಓಲಾಡುತ್ತದೆ. ಈ ಓಲಾಟವನ್ನು ಇಲ್ಲಿನವರು ಸೇಶ್ ಎನ್ನುತ್ತಾರೆ. 1844ರ ಅಕ್ಟೋಬರ್ 18ರಂದು ಹೀಗೆ ನುಗ್ಗಿದ ನೀರು ಬಫಲೊದ ತಡೆಗೋಡೆ ಒಡೆದು 78 ಜನರನ್ನು ಕೊಂದಿತು. ನಮ್ಮಂಥವರಿಗೆ ಇದರಿಂದ ಸಿಗುವ ಪಾಠ ಸಣ್ಣದು, ಆದರೆ ಬಿಡುವಂಥದ್ದಲ್ಲ: ಸಂಜೆ ದ್ವೀಪಕ್ಕೆ ಹತ್ತಿದ ಮೇಲೆ ಕಯಾಕನ್ನು ನೀರಿನಂಚಿನಲ್ಲಿ ಬಿಡಕೂಡದು, ಪೊದೆಯ ಸಾಲಿನವರೆಗೆ ಎಳೆದು ಮರಕ್ಕೆ ಕಟ್ಟಬೇಕು. ಟೆಂಟನ್ನೂ ಅಷ್ಟೇ ಮೇಲೆ ಹಾಕಬೇಕು.

ಡಿಯರ್‌ಬಾರ್ನ್‌ನಲ್ಲಿ ಬದುಕುವವರಿಗೆ ಈ ಸರೋವರಗಳ ಗಾಳಿಯ ನೆನಪು ಹತ್ತಿರದ್ದು. ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಗೆ ಕಬ್ಬಿಣದ ಅದಿರು ಬರುತ್ತಿದ್ದದ್ದು ಹಡಗಿನಲ್ಲಿ, ಇದೇ ನದಿ ಹಿಡಿದು. ನದಿ ಡೆಟ್ರಾಯಿಟ್ ನದಿಯನ್ನು ಸೇರುವಲ್ಲಿ ಝಗ್ ದ್ವೀಪವಿದೆ. 1975ರ ನವೆಂಬರ್ 9ರಂದು ಸುಪೀರಿಯರ್ ಸರೋವರದ ದಡದಿಂದ ಅದಿರು ತುಂಬಿಕೊಂಡು ಹೊರಟ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ 222 ಮೀಟರ್ ಉದ್ದದ ಹಡಗು ತಲುಪಬೇಕಾಗಿದ್ದದ್ದು ಆ ದ್ವೀಪಕ್ಕೆ. ಮರುದಿನ ಸಂಜೆ ಬಿರುಗಾಳಿಯಲ್ಲಿ ಮುಳುಗಿತು. ಹಡಗಿನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಡೆಟ್ರಾಯಿಟ್‌ನ ನಾವಿಕರ ಚರ್ಚಿನಲ್ಲಿ ಗಂಟೆ ಬಾರಿಸಿದರು, ಸತ್ತವರಿಗೆ ಒಂದೊಂದರಂತೆ ಇಪ್ಪತ್ತೊಂಬತ್ತು ಸಲ. ಅಂಥ ಹಡಗುಗಳು ಓಡಾಡುವ ನೀರಿನ ದಾರಿಯನ್ನು ನಾವು ಐದೂವರೆ ಮೀಟರ್ ಉದ್ದದ, ಸೊಂಟದಷ್ಟೇ ಅಗಲದ ದೋಣಿಯಲ್ಲಿ ಅಡ್ಡ ದಾಟುವವರು.

ನಾರ್ತ್ ಬ್ಯಾಸ್‌ನ ಬೆಳಗು

ಆದ್ದರಿಂದ ನಮ್ಮ ಯೋಜನೆಯಲ್ಲಿ ಮೊದಲು ಬರೆದದ್ದು ಹೊರಡುವ ಹೊತ್ತನ್ನಲ್ಲ, ಹೊರಡದೇ ಇರುವ ಷರತ್ತುಗಳನ್ನು. ಗಾಳಿ 12 ನಾಟ್ ಮೀರುವ ಮುನ್ಸೂಚನೆ ಇದ್ದರೆ ತೆರೆದ ನೀರಿಗೆ ಇಳಿಯುವಂತಿಲ್ಲ. ಅಲೆ ಎರಡು ಅಡಿ ಮೀರುತ್ತದೆ ಎಂದರೆ ಇಳಿಯುವಂತಿಲ್ಲ. ಮಧ್ಯಾಹ್ನಕ್ಕೆ ಗುಡುಗು ಮಳೆ ಎಂದಿದ್ದರೆ ಬೆಳಿಗ್ಗೆ ಹತ್ತರೊಳಗೆ ದಡ ಸೇರುವ ದೂರವನ್ನಷ್ಟೇ ಹೋಗಬೇಕು. ಕ್ಲೀವ್‌ಲ್ಯಾಂಡ್‌ನ ಹವಾಮಾನ ಕಚೇರಿ ಈರಿಯ ದಡದ ನೀರಿಗೆ ಬೇರೆ, ನಡುನೀರಿಗೆ ಬೇರೆ ಮುನ್ಸೂಚನೆ ಕೊಡುತ್ತದೆ. ನಾವು ಎರಡನ್ನೂ ಓದುತ್ತೇವೆ. ಲೊರೇನ್ ಊರಿನ ವಾಯುವ್ಯಕ್ಕೆ ನಡುನೀರಿನಲ್ಲಿ 45005 ಎಂಬ ಸಂಖ್ಯೆಯ ತೇಲುಬುರುಡೆಯಿದೆ. ಅದು ಆ ಗಳಿಗೆಯ ನಿಜವಾದ ಗಾಳಿ, ಅಲೆ, ನೀರಿನ ಉಷ್ಣತೆಯನ್ನು ಹೇಳುತ್ತದೆ. ಮುನ್ಸೂಚನೆ, ತೇಲುಬುರುಡೆ, ನಮ್ಮ ಕಣ್ಣು ಈ ಮೂರೂ ಒಂದೇ ಮಾತು ಹೇಳಬೇಕು. ಇದರ ಮೇಲೆ ಇನ್ನೊಂದು ಒಪ್ಪಂದ: ನಾಲ್ವರಲ್ಲಿ ಒಬ್ಬರು ಬೇಡ ಎಂದರೂ ಬೇಡ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಇಡೀ ಯೋಜನೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನಿಸಿರುವುದು ಈ ಸಾಲು. ಭಯವನ್ನು ಬಾಯಿಬಿಟ್ಟು ಹೇಳಲು ನಾಚುವವರ ಗುಂಪು ನೀರಿನ ಮೇಲೆ ಬಹಳ ಅಪಾಯದ್ದು.

ದ್ವೀಪಗಳನ್ನು ಆರಿಸಿದ್ದೂ ಹಿಂದಿರುಗುವ ದಾರಿ ನೋಡಿಯೇ. ಸೌತ್ ಬ್ಯಾಸ್‌ಗೆ, ಮಿಡ್ಲ್ ಬ್ಯಾಸ್‌ಗೆ ಕಟಾಬಾದಿಂದ ಫೆರಿ ಇದೆ. ಎರಡರಲ್ಲೂ ರಾಜ್ಯ ಉದ್ಯಾನಗಳಿವೆ, ಟೆಂಟ್ ಹಾಕಲು ಜಾಗವಿದೆ. ಗಾಳಿ ಕೆಟ್ಟರೆ ದೋಣಿಗಳನ್ನು ದಡದಲ್ಲಿ ಕಟ್ಟಿಟ್ಟಾದರೂ ಫೆರಿ ಹತ್ತಿ ಮರಳಬಹುದು. ಪೀಲಿಗೂ ಕೆನಡಾದ ಕಡೆಯಿಂದ ಫೆರಿ ಓಡುತ್ತದೆ. ನಡುವಿನ ನಾರ್ತ್ ಬ್ಯಾಸ್‌ಗೆ ಮಾತ್ರ ಪ್ರಯಾಣಿಕರ ಫೆರಿ ಇಲ್ಲ. ಹಾಗಾಗಿ ಇಡೀ ಪ್ರಯಾಣದ ತೀರ್ಮಾನ ನಿಲ್ಲುವುದು ನಾರ್ತ್ ಬ್ಯಾಸ್‌ನ ಬೆಳಗಿನ ಐದು ಗಂಟೆಯಲ್ಲಿ. ಮುಂದೆ ಹತ್ತು ಕಿಲೋಮೀಟರ್ ತೆರೆದ ನೀರು, ಹಿಂದೆ ಎರಡು ಕಿಲೋಮೀಟರ್ ಒಳಗೆ ಮಿಡ್ಲ್ ಬ್ಯಾಸ್.

ಅಲ್ಲಿ ನಮ್ಮನ್ನು ಮೋಸಗೊಳಿಸಬಹುದಾದದ್ದು ಹಿಂಗಾಳಿ. ನಾರ್ತ್ ಬ್ಯಾಸ್‌ನಿಂದ ಪೀಲಿ ಇರುವುದು ಪೂರ್ವ ಈಶಾನ್ಯಕ್ಕೆ, ಗಾಳಿ ಬರುವುದು ನೈಋತ್ಯದಿಂದ. ದಡದಲ್ಲಿ ಬೆನ್ನಿಗೆ ತಾಗುವ ಗಾಳಿ ಹಿತವಾಗಿಯೇ ಇರುತ್ತದೆ, ದೋಣಿ ತಾನಾಗಿ ಓಡುತ್ತದೆ. ಐದು ಕಿಲೋಮೀಟರ್ ಹೋದ ಮೇಲೆ ಅಲೆ ಬೆಳೆದಿರುತ್ತದೆ, ಹಿಂದಿನಿಂದ ಬಂದ ಅಲೆ ದೋಣಿಯ ಬಾಲವನ್ನು ಪಕ್ಕಕ್ಕೆ ತಳ್ಳಿ ಅಡ್ಡ ತಿರುಗಿಸುತ್ತದೆ. ಆಗ ಹಿಂದಿರುಗೋಣವೆಂದರೆ ಅದೇ ಗಾಳಿ ಎದುರಾಗುತ್ತದೆ, ಸುಸ್ತಾದ ತೋಳು ಅದನ್ನು ಗೆಲ್ಲಲಾರದು. ಆದ್ದರಿಂದ ಈ ಹಾದಿಯಲ್ಲಿ ನಾವು ಕಾಯುವುದು ಅನುಕೂಲದ ಗಾಳಿಗಲ್ಲ, ಗಾಳಿಯೇ ಇಲ್ಲದ ಬೆಳಗಿಗೆ. ಅಥವಾ ಈಶಾನ್ಯದಿಂದ ಬರುವ ತಣ್ಣನೆಯ ಸಣ್ಣ ಗಾಳಿಗೆ. ಎದುರುಗಾಳಿಯಲ್ಲಿ ತೋಳು ಸೋತರೆ ದೋಣಿ ತಿರುಗಿಸಿದರಾಯಿತು, ಅದೇ ಗಾಳಿ ಹೊರಟ ದಡಕ್ಕೆ ತಂದು ಬಿಡುತ್ತದೆ.

ಇದೇ ನೀರಿನಲ್ಲಿ 1813ರ ಸೆಪ್ಟೆಂಬರ್ 10ರಂದು ಅಮೆರಿಕದ ಆಲಿವರ್ ಪೆರಿ ಬ್ರಿಟಿಷ್ ನೌಕಾಪಡೆಯನ್ನು ಸೋಲಿಸಿದ. ಅಂದು ಬೆಳಿಗ್ಗೆ ಅವನಿಗೆ ಪ್ರತಿಕೂಲವಾಗಿದ್ದ ಗಾಳಿ ಕಾಳಗಕ್ಕೆ ಮುನ್ನ ದಿಕ್ಕು ಬದಲಿಸಿ ಅನುಕೂಲಕ್ಕೆ ಬಂತು. ಆ ಗೆಲುವಿನ ನೆನಪಿಗೆ ಸೌತ್ ಬ್ಯಾಸ್‌ನ ಪುಟ್-ಇನ್-ಬೇ ಊರಿನಲ್ಲಿ 107 ಮೀಟರ್ ಎತ್ತರದ ಕಲ್ಲುಕಂಬ ನಿಲ್ಲಿಸಿದ್ದಾರೆ. ನಮಗೆ ಅದು ದಿಕ್ಕಿನ ಗುರುತು. ಕಯಾಕ್‌ನಲ್ಲಿ ಕೂತವರ ಕಣ್ಣು ನೀರಿನಿಂದ ಒಂದು ಮೀಟರ್ ಮೇಲೂ ಇರುವುದಿಲ್ಲ, ದಿಗಂತ ಮೂರೂವರೆ ಕಿಲೋಮೀಟರಿಗೇ ಮುಗಿಯುತ್ತದೆ. ಪೀಲಿ ತಗ್ಗಿನ ದ್ವೀಪ, ದೂರದಿಂದ ಮರದ ತುದಿಗಳಷ್ಟೇ ಕಾಣುತ್ತವೆ. ಬೆನ್ನ ಹಿಂದಿನ ಕಂಬ ಮಾತ್ರ, ಮಂಜಿಲ್ಲದ ದಿನ, ದಾರಿಯುದ್ದಕ್ಕೂ ಕಾಣುತ್ತಿರುತ್ತದೆ.

ಪೀಲಿಯಿಂದ ಮುಂದಿನ ದಾಟು ಹಡಗಿನ ಹೆದ್ದಾರಿ. ಡೆಟ್ರಾಯಿಟ್ ನದಿಯಿಂದ ಬರುವ ಸರಕು ಹಡಗುಗಳು ಪೂರ್ವಕ್ಕೆ ಹೋಗುವುದು ಪೀಲಿಗೂ ಪಾಯಿಂಟ್ ಪೀಲಿಗೂ ನಡುವಿನ ಈ ಜಲಮಾರ್ಗದಲ್ಲೇ. ಲೆಕ್ಕ ಸುಲಭ, ಮರೆಯಬಾರದು. ಗಂಟೆಗೆ 24 ಕಿಲೋಮೀಟರ್ ಓಡುವ ಹಡಗು ನಿಮಿಷಕ್ಕೆ 400 ಮೀಟರ್ ಬರುತ್ತದೆ. ನಾವು ನಿಮಿಷಕ್ಕೆ 90 ಮೀಟರ್ ಹೋಗುತ್ತೇವೆ. ಒಂದು ಕಿಲೋಮೀಟರ್ ಅಗಲದ ದಾರಿ ದಾಟಲು ನಮಗೆ ಹನ್ನೊಂದು ನಿಮಿಷ, ಅಷ್ಟರಲ್ಲಿ ಹಡಗು ನಾಲ್ಕೂವರೆ ಕಿಲೋಮೀಟರ್ ಬಂದಿರುತ್ತದೆ. ಅದರ ಚುಕ್ಕಾಣಿ ಹಿಡಿದವರಿಗೆ ನಾವು ಕಾಣುವುದಿಲ್ಲ ಎಂದೇ ಎಣಿಸಬೇಕು, ಕಂಡರೂ ನಿಲ್ಲಿಸಲಾಗುವುದಿಲ್ಲ ಎಂದೂ. ಆ ದಾರಿಯ ಅಂಚಿನಲ್ಲಿ ನಾಲ್ವರೂ ಒಟ್ಟಾಗಿ ನಿಂತು, ಎರಡೂ ಕಡೆ ನೋಡಿ, ನೆಟ್ಟಗೆ, ಒತ್ತಾಗಿ ದಾಟುವುದು. ಕಡಲ ರೇಡಿಯೊ ಇಬ್ಬರ ಎದೆಯ ಮೇಲಾದರೂ ಇರಬೇಕು. ಅಪಾಯದ ಕರೆಗೆ 16ನೇ ಚಾನಲ್.

ರೂಜ್‌ನಿಂದ ಗ್ರೋಸ್ ಈಲ್‌ವರೆಗೆ

ಸರೋವರಕ್ಕೆ ಹೋಗುವ ಮುನ್ನ ತಾಲೀಮು ಮನೆಯ ಹತ್ತಿರವೇ. ರೂಜ್ ನದಿ 1969ರ ಅಕ್ಟೋಬರ್‌ನಲ್ಲಿ ಹತ್ತಿ ಉರಿದಿತ್ತು. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಸುಗೆಯ ಕಿಡಿ ಬಿದ್ದಿತ್ತು. ಅಂಥ ನದಿಯಲ್ಲಿ ಇವತ್ತು ಕಯಾಕ್ ನಡೆಸುವ ಜಲಮಾರ್ಗ ಮಾಡಿದ್ದಾರೆ. ಈ ಬದಲಾವಣೆ ತಾನಾಗಿ ಆದದ್ದಲ್ಲ. ಇದರ ಹಿಂದೆ 1972ರ ಶುದ್ಧ ನೀರಿನ ಕಾಯ್ದೆ ಇದೆ, ದಶಕಗಟ್ಟಲೆ ದುಡಿದ ಊರಿನ ಜನರೂ ಇದ್ದಾರೆ. ಕಾರ್ಖಾನೆಗಳ ನಡುವೆ ನದಿಯ ದಡ ಉಕ್ಕಿನ ಗೋಡೆ. ಬಂದ ಅಲೆ ಗೋಡೆಗೆ ಬಡಿದು ಮರಳಿ, ಎದುರಿನ ಅಲೆಯ ಜೊತೆ ಕೂಡಿ ನಿಂತಲ್ಲೇ ಕುಣಿಯುತ್ತದೆ. ಸಮತೋಲ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ನಾನು ಕಾಣೆ.

ಅಲ್ಲಿಂದ ಡೆಟ್ರಾಯಿಟ್ ನದಿ. ಈರಿಗೆ ಬರುವ ನೀರಿನಲ್ಲಿ ಶೇ 80ರಷ್ಟು ಈ ಒಂದು ನದಿಯಿಂದಲೇ ಬರುತ್ತದೆ, ಸೆಳೆತ ಸಣ್ಣದಲ್ಲ. ಇದರಲ್ಲಿ ಚಲಿಸುವ ಹಡಗಿಗೇ ಅಂಚೆ ಮುಟ್ಟಿಸುವ ದೋಣಿಯೊಂದಿದೆ. ಜೆ.ಡಬ್ಲ್ಯು. ವೆಸ್ಟ್‌ಕಾಟ್ ಎಂಬ ಆ ದೋಣಿಗೆ ಸ್ವಂತ ಪಿನ್‌ಕೋಡ್ ಇದೆ, 48222. ಹಡಗಿನವರು ಹಗ್ಗದಲ್ಲಿ ಬಕೆಟ್ ಇಳಿಬಿಡುತ್ತಾರೆ, ಕಾಗದ ಪತ್ರ ಅದರಲ್ಲಿ ಮೇಲೇರುತ್ತದೆ. ನೀರನ್ನು ಅಂಗೈಯಂತೆ ಬಲ್ಲ ಆ ದೋಣಿಯೂ 2001ರ ಅಕ್ಟೋಬರ್‌ನಲ್ಲಿ ಟ್ಯಾಂಕರ್ ಹಡಗೊಂದರ ಪಕ್ಕ ಮುಳುಗಿ ಇಬ್ಬರು ತೀರಿಕೊಂಡರು. ಮೇಲೆತ್ತಿ ದುರಸ್ತಿ ಮಾಡಿದ ಮೇಲೆ ಮತ್ತೆ ಕೆಲಸಕ್ಕೆ ಬಂತು.

ನದಿಯ ಕೆಳಭಾಗದಲ್ಲಿ ಗ್ರೋಸ್ ಈಲ್, ಸ್ಟೋನಿ, ಸೆಲೆರಾನ್, ಶುಗರ್ ದ್ವೀಪಗಳು. ಇವುಗಳ ನಡುವೆ ಒಂದು ಇಡೀ ದಿನ ಸುತ್ತಿದರೆ ದ್ವೀಪದ ಮರೆಯಲ್ಲಿ ಗಾಳಿ ಹೇಗೆ ಸಾಯುತ್ತದೆ, ಮೂಲೆ ತಿರುಗಿದೊಡನೆ ಹೇಗೆ ಎರಗುತ್ತದೆ ಎಂಬುದು ಮೈಗೆ ತಿಳಿಯುತ್ತದೆ. 1701ರಲ್ಲಿ ಫ್ರೆಂಚ್ ಅಧಿಕಾರಿ ಕ್ಯಾಡಿಲಾಕ್ ನೂರು ಜನರನ್ನು 25 ದೋಣಿಗಳಲ್ಲಿ ಕರೆತಂದವನು ಜುಲೈ 23ರ ರಾತ್ರಿ ತಂಗಿದ್ದು ಗ್ರೋಸ್ ಈಲ್‌ನಲ್ಲಿ. ಮರುದಿನ ಹೊಳೆ ಏರಿ ಹಿಂದಕ್ಕೆ ಹೋಗಿ ಡೆಟ್ರಾಯಿಟ್ ನೆಲೆಗೆ ಅಡಿಗಲ್ಲು ಹಾಕಿದ. ಅವನಿಗೂ ಮುಂಚಿನಿಂದ ಇಲ್ಲಿನ ಮೂಲನಿವಾಸಿಗಳ ದೋಣಿಗಳು ಈ ನೀರಿನಲ್ಲಿ ಓಡಾಡುತ್ತಿದ್ದವು. ನಕ್ಷೆಯ ಮೇಲೆ ನಾವು ಎಳೆಯುವ ಗೆರೆ ಹೊಸದಲ್ಲ.

ದೋಣಿ ಮಗುಚುವುದನ್ನು ಮಾತ್ರ ಚಳಿಗಾಲದಲ್ಲೇ, ಒಳಾಂಗಣ ಈಜುಕೊಳದಲ್ಲಿ ಕಲಿಯಬೇಕು. ತಲೆಕೆಳಗಾದಾಗ ಸೊಂಟದ ಸುತ್ತಲಿನ ಹೊದಿಕೆ ಕಿತ್ತು ಹೊರಬರುವುದು, ಜೊತೆಗಾರರ ದೋಣಿಯ ಮೇಲೆ ನಮ್ಮ ದೋಣಿಯನ್ನು ಅಡ್ಡ ಎಳೆದು ನೀರು ಬರಿದು ಮಾಡುವುದು, ಮತ್ತೆ ಹತ್ತಿ ಕೂರುವುದು. ಇವೆಲ್ಲ ಯೋಚಿಸದೆ ಕೈಗೆ ಬರಬೇಕು. ಯಾಕೆಂದರೆ ತಣ್ಣೀರು ಯೋಚಿಸಲು ಬಿಡುವುದಿಲ್ಲ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಟ್ಟ ಲೆಕ್ಕ ಇಲ್ಲಿನ ಕಯಾಕಿಗರಿಗೆಲ್ಲ ಬಾಯಿಪಾಠ: ತಣ್ಣೀರಿಗೆ ಬಿದ್ದವರಿಗೆ ಉಸಿರು ಹಿಡಿತಕ್ಕೆ ತರಲು ಒಂದು ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು ಹತ್ತು ನಿಮಿಷ, ಎಚ್ಚರ ತಪ್ಪುವವರೆಗೆ ಒಂದು ಗಂಟೆ. ಲೈಫ್ ಜಾಕೆಟ್ ಇಲ್ಲದವರಿಗೆ ಆ ಒಂದು ಗಂಟೆ ಸಿಗುವುದೇ ಇಲ್ಲ. ಉಡುಪು ತೊಡಬೇಕಾದ್ದು ನೀರಿನ ಉಷ್ಣತೆಗೆ ತಕ್ಕಂತೆ, ಬಿಸಿಲಿಗೆ ತಕ್ಕಂತಲ್ಲ. ಮೇ ತಿಂಗಳಲ್ಲಿ ದಡದ ಮೇಲೆ ಬೆವರಿಳಿಯುತ್ತಿದ್ದರೂ ಸರೋವರ ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ.

ತಿಂಗಳು ಆರಿಸುವುದರಲ್ಲೂ ಇದೇ ಹಗ್ಗಜಗ್ಗಾಟ. ಜೂನ್ ಕೊನೆಗೆ ಪಶ್ಚಿಮ ಈರಿಯ ತಳದಿಂದ ಮೇಫ್ಲೈ ಹುಳುಗಳು ಏಳುತ್ತವೆ, ಹವಾಮಾನ ರೇಡಾರಿನಲ್ಲಿ ಮೋಡದಂತೆ ಕಾಣುವಷ್ಟು. 1950ರ ದಶಕದಲ್ಲಿ ಮಾಲಿನ್ಯದಿಂದ ಕಣ್ಮರೆಯಾಗಿದ್ದವು, 1990ರ ದಶಕದಲ್ಲಿ ಮರಳಿ ಬಂದವು. ಡೇರೆಯ ತುಂಬ ಅವು ಕೂತರೂ ನನಗೆ ಸಂತೋಷವೇ, ಸರೋವರ ಬದುಕಿದೆ ಎಂದು ಗೊತ್ತಾಗುತ್ತದೆ. ಆಗಸ್ಟ್‌ನಲ್ಲಿ ಬರುವ ನೀಲಿ-ಹಸಿರು ಪಾಚಿ ಬೇರೆ ಮಾತು. 2014ರ ಆಗಸ್ಟ್ ಆರಂಭದಲ್ಲಿ ಅದರ ವಿಷ ಟೊಲಿಡೊ ನಗರದ ನಲ್ಲಿ ನೀರಿಗೆ ಸೇರಿ ಸುಮಾರು ನಾಲ್ಕು ಲಕ್ಷ ಜನ ಎರಡು ದಿನಕ್ಕೂ ಹೆಚ್ಚು ಕಾಲ ನೀರು ಕುಡಿಯುವಂತಿರಲಿಲ್ಲ. ಕುದಿಸಿದರೆ ಆ ವಿಷ ಹೋಗುವುದಿಲ್ಲ, ಇನ್ನೂ ಗಾಢವಾಗುತ್ತದೆ. ಸುತ್ತ ಸಿಹಿನೀರೇ ಇದ್ದರೂ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಮನೆಯಿಂದಲೇ ಹೊರಬೇಕು. ಸೆಪ್ಟೆಂಬರ್‌ನಲ್ಲಿ ನೀರು ಬೆಚ್ಚಗಿರುತ್ತದೆ, ಗಾಳಿ ಗಡುಸಾಗತೊಡಗುತ್ತದೆ. ಎಲ್ಲ ತೂಗಿ ನೋಡಿ ನಾವು ಜುಲೈ ಮೊದಲ ಪಕ್ಷವನ್ನು ಹಿಡಿದೆವು. ತಿನ್ನಲು ಅವಲಕ್ಕಿ, ಬೆಲ್ಲ, ಕೊಬ್ಬರಿ, ಚಪಾತಿಗೆ ಚಟ್ನಿಪುಡಿ. ಒಲೆ ಹಚ್ಚಲಾಗದ ಗಾಳಿಯಲ್ಲೂ ಇಷ್ಟಿದ್ದರೆ ಹೊಟ್ಟೆ ತುಂಬುತ್ತದೆ.

ಗಡಿ, ವೀಸಾ, ರಜೆ

1932ರಲ್ಲಿ ಓಸ್ಕರ್ ಸ್ಪೆಕ್ ಎಂಬ ಜರ್ಮನ್ ಯುವಕ ಕೆಲಸವಿಲ್ಲದೆ, ಸೈಪ್ರಸ್‌ನ ತಾಮ್ರದ ಗಣಿಗೆ ಹೋಗೋಣವೆಂದು ಮಡಚುವ ಕಯಾಕ್‌ನಲ್ಲಿ ಡ್ಯಾನ್ಯೂಬ್ ನದಿಗೆ ಇಳಿದ. ಅಲ್ಲಿಗೆ ನಿಲ್ಲಲಿಲ್ಲ. ಯೂಫ್ರಟಿಸ್, ಪರ್ಷಿಯನ್ ಕೊಲ್ಲಿ ದಾಟಿ ಭಾರತದ ಪಶ್ಚಿಮ ಕರಾವಳಿ ಹಿಡಿದು 1935ರಲ್ಲಿ ಸಿಲೋನ್ ಸೇರಿದ. ಹಾಗಿದ್ದ ಮೇಲೆ ಕಾರವಾರ, ಗಂಗೊಳ್ಳಿ, ಮಂಗಳೂರುಗಳ ಎದುರಿನ ನೀರಿನಲ್ಲೂ ಹಾದಿರಲೇಬೇಕು. ನಮ್ಮಜ್ಜನ ಕಾಲದ ಯಾರಾದರೂ ಕಂಡಿದ್ದರೋ ಏನೋ. ಇಂಡೊನೇಷ್ಯಾದ ದ್ವೀಪದಿಂದ ದ್ವೀಪಕ್ಕೆ ಹಾಯುತ್ತ 1939ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸೈಬಾಯಿ ದ್ವೀಪಕ್ಕೆ ಕಾಲಿಟ್ಟಾಗ ಎರಡನೇ ಮಹಾಯುದ್ಧ ಶುರುವಾಗಿತ್ತು. ಪೊಲೀಸರು ಅವನನ್ನು ಶತ್ರು ದೇಶದವನೆಂದು ಹಿಡಿದು ಶಿಬಿರಕ್ಕೆ ಕಳಿಸಿದರು. ಏಳು ವರ್ಷದ ಕಡಲನ್ನು ಗೆದ್ದವನನ್ನು ತಡೆದದ್ದು ಒಂದು ಗಡಿ.

ನಮ್ಮ ದಾರಿಯಲ್ಲೂ ಗಡಿಯಿದೆ, ನೀರಿನ ಮೇಲೆ ಬೇಲಿ ಕಾಣುವುದಿಲ್ಲ ಅಷ್ಟೇ. ಪೀಲಿಗೆ ಕಾಲಿಟ್ಟ ಕೂಡಲೇ ಗೊತ್ತುಪಡಿಸಿದ ಜಾಗದಿಂದ ಕೆನಡಾದ ಗಡಿ ಸೇವೆಗೆ ಫೋನ್ ಮಾಡಿ ವರದಿ ಒಪ್ಪಿಸಬೇಕು. ಈ ಮೋಟಾರು ನಾಡಿಗೆ ಎಂಜಿನಿಯರುಗಳಾಗಿ ಬಂದ ಕನ್ನಡಿಗರು ಬಹಳ ಮಂದಿ. ಅವರಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಎಚ್-1ಬಿ ವೀಸಾದಲ್ಲಿ ಇರುವವರಿಗೆ ಕೆನಡಾದ ಸಂದರ್ಶಕ ವೀಸಾ ಬೇರೆಯಾಗಿ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು. ನಮ್ಮ ನಾಲ್ವರಲ್ಲಿ ಎರಡೂ ಬಗೆಯವರಿದ್ದಾರೆ. ಪ್ರಯಾಣವನ್ನು ಕೆನಡಾದ ಕಡೆ ಮುಗಿಸಲು ಇದೂ ಒಂದು ಕಾರಣ. ದೋಣಿಯಲ್ಲಿ ಅಮೆರಿಕಕ್ಕೆ ಮರಳಿ ವರದಿ ಮಾಡುವ ಗೊಂದಲಕ್ಕಿಂತ ಲೆಮಿಂಗ್ಟನ್‌ನಲ್ಲಿ ಕಾಯುವ ಕಾರಿಗೆ ದೋಣಿ ಕಟ್ಟಿ, ವಿಂಡ್ಸರ್‌ನಿಂದ ಅಂಬಾಸಿಡರ್ ಸೇತುವೆ ಹತ್ತಿ, ಅಧಿಕಾರಿಯ ಎದುರು ಕಾಗದ ಇಟ್ಟು ಬರುವುದು ನೇರ. ಕಾಗದಪತ್ರಗಳು ಎರಡು ಪದರದ ನೀರು ತೂರದ ಚೀಲದಲ್ಲಿ, ಕೂತ ಜಾಗದ ಬೆನ್ನ ಹಿಂದೆ.

ರಜೆಯ ವಿಷಯ ಇದಕ್ಕಿಂತ ಗಟ್ಟಿಯಾಗಿ ಹೇಳಬೇಕು. ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಕೂರಬೇಕಾದವರು ಭಾನುವಾರದ ಕೆಟ್ಟ ಗಾಳಿಯನ್ನು ಒಳ್ಳೆಯದೆಂದೇ ಓದುತ್ತಾರೆ. ಇನ್ನೊಂದು ದಿನ ಕಾಯಲು ಸಾಧ್ಯವಿಲ್ಲದವರು ಕಾಯುವುದಿಲ್ಲ. ಇದು ಧೈರ್ಯದ ಪ್ರಶ್ನೆಯೇ ಅಲ್ಲ. ಏಳು ದಿನ ರಜೆ ಸಿಗದ ವರ್ಷ ನಾವು ಪೀಲಿಗೆ ಹೊರಡುವುದಿಲ್ಲ, ಗ್ರೋಸ್ ಈಲ್ ಸುತ್ತಿ ಬರುತ್ತೇವೆ. ಆ ದಿನವೂ ಪೂರ್ತಿ ದಿನವೇ.

ಇದನ್ನೆಲ್ಲ ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ನಾವು ನಾಲ್ವರಲ್ಲ. ಡೆಟ್ರಾಯಿಟ್ ಸುತ್ತಲಿನ ಕನ್ನಡ ಕುಟುಂಬಗಳು ಬೇಸಿಗೆ ಬಂತೆಂದರೆ ಕೆರೆ, ಉದ್ಯಾನ, ಬೆಲ್ ಐಲ್ ದ್ವೀಪ ಎಂದು ಹೊರಡುತ್ತವೆ. ಗಂಟೆ ಲೆಕ್ಕದಲ್ಲಿ ಕಯಾಕ್ ಬಾಡಿಗೆಗೆ ಸಿಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಒಳನಾಡಿನವರು, ಈಜು ಬಾರದವರು, ಊರಿಂದ ಬಂದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಫೋಟೊಗೆ ಚಂದ ಕಾಣಲೆಂದು ಲೈಫ್ ಜಾಕೆಟ್ ಬಿಚ್ಚಿ ಕಾಲ ಬಳಿ ಇಡುತ್ತಾರೆ. ಮಿಚಿಗನ್ ಕಾನೂನಿನಂತೆ ದೋಣಿಯಲ್ಲಿ ತಲೆಗೊಂದು ಜಾಕೆಟ್ ಇರಬೇಕು, ಆರು ವರ್ಷದೊಳಗಿನ ಮಕ್ಕಳಿಗೆ ತೊಡಿಸಿಯೇ ಇರಬೇಕು. ದೊಡ್ಡವರು ತೊಡಬೇಕೆಂದು ಕಾನೂನು ಕೇಳುವುದಿಲ್ಲ, ನೀರು ಕೇಳುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷವರ್ಷ ಕೊಡುವ ವರದಿ ನೋಡಿ: ದೋಣಿ ಅಪಘಾತದಲ್ಲಿ ಮುಳುಗಿ ಸತ್ತ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರುವುದಿಲ್ಲ. ಕನ್ನಡ ಕೂಟಗಳು ಯುಗಾದಿಗೂ ರಾಜ್ಯೋತ್ಸವಕ್ಕೂ ಎಷ್ಟೊಂದು ಶ್ರಮ ಹಾಕುತ್ತವೆ. ಮೇ ತಿಂಗಳಲ್ಲಿ ಒಂದು ಭಾನುವಾರ ಈಜುಕೊಳ ಹಿಡಿದು, ಮಗುಚಿದ ದೋಣಿಯಿಂದ ಹೊರಬರುವುದನ್ನು ಎಲ್ಲ ವಯಸ್ಸಿನವರಿಗೂ ಕಲಿಸಿದರೆ ಅದೂ ಕೂಟದ ಕೆಲಸವೇ. ಈ ಮಾತನ್ನು ನಾನು ಕಾಣುವವರೆಲ್ಲರ ಬಳಿ ಹೇಳುತ್ತಿದ್ದೇನೆ.

ಯೋಜನೆಯ ಕೊನೆಯ ಹಾಳೆ ನೀರಿಗೆ ಬರುವುದಿಲ್ಲ, ಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ಇರುತ್ತದೆ. ನಾಲ್ವರ ಹೆಸರು, ನಾಲ್ಕು ದೋಣಿಗಳ ಬಣ್ಣ, ಕಾರಿನ ಸಂಖ್ಯೆ, ಯಾವ ದಿನ ಯಾವ ದ್ವೀಪ, ಎಲ್ಲೆಲ್ಲಿ ಮಧ್ಯೆ ಹತ್ತಬಹುದು, ಯಾರ ಬಳಿ ಯಾವ ರೇಡಿಯೊ ಇದೆ ಎಲ್ಲವೂ ಅದರಲ್ಲಿದೆ. ತೆರೆದ ನೀರು ದಾಟುವ ದಿನ ಹೊರಡುವಾಗ ಒಂದು ಸಂದೇಶ, ಸೇರಿದ ಮೇಲೆ ಒಂದು ಕರೆ. ಹೊರಟ ಸಂದೇಶ ಬಂದು ಮಧ್ಯಾಹ್ನ ಎರಡಾದರೂ ಸೇರಿದ ಕರೆ ಬರದಿದ್ದರೆ ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡಬೇಕು, ಇನ್ನರ್ಧ ಗಂಟೆ ನೋಡೋಣ ಎನ್ನಬಾರದು. ಬೆಳಿಗ್ಗೆ ಸಂದೇಶವೇ ಬರಲಿಲ್ಲವೆಂದರೆ ಚಿಂತೆ ಬೇಡ, ನಾವು ನಾರ್ತ್ ಬ್ಯಾಸ್‌ನಲ್ಲೇ ಇದ್ದೇವೆ ಎಂದು ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ.